ಸಾಕು ಸರೀಸೃಪಗಳಲ್ಲಿ ಗಂಭೀರ ಕಾಯಿಲೆಯ ಲಕ್ಷಣಗಳು

ಸಾಕು ಸರೀಸೃಪಗಳಲ್ಲಿ ಗಂಭೀರ ಕಾಯಿಲೆಯ ಲಕ್ಷಣಗಳು ಎಂದರೆ ಮನೆಯಲ್ಲಿ ಸಾಕಿದ ಆಮೆ, ಹಲ್ಲಿ, ಓತಿ ಹಾಗೂ ಹಾವುಗಳ ಜೀವಕ್ಕೆ ಅಪಾಯವಿದೆಯೆಂದು ತಿಳಿಸುವ ದೇಹದ ಮತ್ತು ವರ್ತನೆಯ ಬದಲಾವಣೆಗಳು. ನಾಯಿ, ಬೆಕ್ಕುಗಳಂತೆ ಸರೀಸೃಪಗಳು ನೋವಿಗೆ ಕೂಗುವುದಿಲ್ಲ, ಜ್ವರದಿಂದ ನರಳುವುದೂ ಇಲ್ಲ. ಆರೋಗ್ಯವಾಗಿರುವಾಗಲೂ ದಿನದ ಬಹುಭಾಗ ಅಲುಗಾಡದೆ ಇರುವ ಈ ಪ್ರಾಣಿಗಳಲ್ಲಿ ಕಾಯಿಲೆಯ ನಿಶ್ಚಲತೆಯನ್ನು ಸಹಜ ನಿಶ್ಚಲತೆಯಿಂದ ಬೇರ್ಪಡಿಸಿ ನೋಡುವುದೇ ಸಾಕುವವರ ಮುಖ್ಯ ಸಮಸ್ಯೆ. ಲಕ್ಷಣ ಎದ್ದು ಕಾಣುವ ಹೊತ್ತಿಗೆ ಕಾಯಿಲೆ ವಾರಗಳಿಂದ, ಕೆಲವೊಮ್ಮೆ ತಿಂಗಳುಗಳಿಂದ ಬೆಳೆದಿರುತ್ತದೆ.

ಲಕ್ಷಣಗಳು ತಡವಾಗಿ ಕಾಣಲು ಕಾರಣ

ಸರೀಸೃಪಗಳು ಶೀತರಕ್ತ ಪ್ರಾಣಿಗಳು. ದೇಹದ ಉಷ್ಣತೆಗಾಗಿ ಅವು ಬಿಸಿಲು, ಕಲ್ಲು, ನೀರು ಮುಂತಾದ ಹೊರಗಿನ ಮೂಲಗಳನ್ನು ಅವಲಂಬಿಸುತ್ತವೆ. ಅವುಗಳ ಜೀರ್ಣಕ್ರಿಯೆ, ಉಸಿರಾಟದ ವೇಗ, ರೋಗನಿರೋಧಕ ಶಕ್ತಿ ಎಲ್ಲವೂ ಈ ಉಷ್ಣತೆಗೆ ಅನುಗುಣವಾಗಿ ಏರಿಳಿಯುತ್ತವೆ. ಸಸ್ತನಿಗಳಿಗೆ ಹೋಲಿಸಿದರೆ ಇವು ಬಹಳ ಕಡಿಮೆ ಶಕ್ತಿ ಬಳಸುವುದರಿಂದ ಆಹಾರವಿಲ್ಲದೆಯೂ ದೀರ್ಘಕಾಲ ಬದುಕಬಲ್ಲವು. ಅದೇ ಕಾರಣದಿಂದ ಕಾಯಿಲೆಯೂ ನಿಧಾನವಾಗಿ ಸಾಗುತ್ತದೆ, ಚೇತರಿಕೆಯೂ ನಿಧಾನ. ಕಾಡಿನಲ್ಲಿ ದುರ್ಬಲವಾಗಿ ಕಂಡ ಪ್ರಾಣಿ ಬೇಗ ಬೇಟೆಗೆ ಸಿಗುತ್ತದೆಯಾದ್ದರಿಂದ ಅಸ್ವಸ್ಥತೆಯನ್ನು ತೋರಗೊಡದಿರುವ ವರ್ತನೆ ಇವುಗಳಲ್ಲಿ ಉಳಿದುಬಂದಿದೆ ಎಂದು ವಿವರಿಸಲಾಗುತ್ತದೆ.

ರೋಗನಿರೋಧಕ ಕ್ರಿಯೆಯಲ್ಲಿಯೂ ವ್ಯತ್ಯಾಸವಿದೆ. ಸರೀಸೃಪಗಳ ಕೀವು ದ್ರವವಾಗಿ ಹರಿಯುವುದಿಲ್ಲ. ಗಿಣ್ಣಿನಂತೆ ಗಟ್ಟಿಯಾಗಿ ಒಂದೆಡೆ ನಿಲ್ಲುತ್ತದೆ. ಆದ್ದರಿಂದ ಸೋಂಕು ತಗುಲಿದ ಜಾಗದಿಂದ ಏನೂ ಒಸರುವುದಿಲ್ಲ, ನೋವಿಲ್ಲದ ಗಂಟಿನಂತೆ ಮಾತ್ರ ಕಾಣುತ್ತದೆ. ನೀರಾಮೆಗಳ ತಲೆಯ ಪಕ್ಕದಲ್ಲಿ, ಕಣ್ಣಿನ ಹಿಂದೆ ಕಾಣುವ ಉಬ್ಬು ಹೆಚ್ಚಾಗಿ ಕಿವಿಯ ಇಂತಹ ಕೀವುಗಂಟೇ ಆಗಿರುತ್ತದೆ. ಅದು ಔಷಧಿಯಿಂದಷ್ಟೇ ಕರಗದು, ಶಸ್ತ್ರಚಿಕಿತ್ಸೆಯಿಂದ ತೆಗೆಯಬೇಕಾಗುತ್ತದೆ.

ಕರ್ನಾಟಕದಲ್ಲಿ ಸಾಕಲಾಗುವ ಸರೀಸೃಪಗಳು ಮತ್ತು ಕಾನೂನು

ಭಾರತದ ನಕ್ಷತ್ರ ಆಮೆ, ಕೆರೆಬಾವಿಗಳಲ್ಲಿ ಕಾಣುವ ಮೃದುಚಿಪ್ಪಿನ ಆಮೆ, ಉಡ, ಹೆಬ್ಬಾವು ಮೊದಲಾದ ದೇಶೀಯ ಸರೀಸೃಪಗಳನ್ನು ಮನೆಯಲ್ಲಿ ಇಟ್ಟುಕೊಳ್ಳುವುದು 1972ರ ವನ್ಯಜೀವಿ (ಸಂರಕ್ಷಣೆ) ಕಾಯ್ದೆಯ ಪ್ರಕಾರ ಅಪರಾಧ. ನಕ್ಷತ್ರ ಆಮೆಯನ್ನು 2019ರಲ್ಲಿ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣ ಒಪ್ಪಂದವಾದ ಸೈಟಿಸ್‌ನ ಮೊದಲನೆಯ ಅನುಬಂಧಕ್ಕೆ ಸೇರಿಸಲಾಯಿತು. ಹೀಗಾಗಿ ಕಾನೂನಿನ ಮಿತಿಯೊಳಗೆ ಸಾಕಲು ಸಾಧ್ಯವಿರುವುದು ವಿದೇಶಿ ಪ್ರಭೇದಗಳನ್ನು ಮಾತ್ರ: ಅಮೆರಿಕದ ಮಿಸಿಸಿಪ್ಪಿ ಕಣಿವೆಯ ಕೆಂಪುಕಿವಿಯ ಸ್ಲೈಡರ್ ಆಮೆ, ಇಗುವಾನಾ, ಬಿಯರ್ಡೆಡ್ ಡ್ರ್ಯಾಗನ್, ಲೆಪರ್ಡ್ ಗೆಕೊ, ಬಾಲ್ ಪೈಥಾನ್ ಇತ್ಯಾದಿ. ಇವುಗಳ ಪೈಕಿ ಸೈಟಿಸ್ ಪಟ್ಟಿಯಲ್ಲಿರುವ ಪ್ರಭೇದಗಳನ್ನು ಕಾಯ್ದೆಗೆ 2022ರಲ್ಲಿ ತಂದ ತಿದ್ದುಪಡಿ ಮತ್ತು 2024ರ ನಿಯಮಗಳಂತೆ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಜಾಲತಾಣದಲ್ಲಿ ನೋಂದಾಯಿಸಬೇಕು.

ಕಾನೂನಿನ ಪ್ರಶ್ನೆಗೂ ಕಾಯಿಲೆಗೂ ನೇರ ಸಂಬಂಧವಿದೆ. ಅನುಮತಿಯಿಲ್ಲದೆ ಇಟ್ಟುಕೊಂಡ ನಕ್ಷತ್ರ ಆಮೆ ಅಸ್ವಸ್ಥವಾದಾಗ ದಂಡದ ಭಯದಿಂದ ಅದನ್ನು ವೈದ್ಯರ ಬಳಿಗೆ ಒಯ್ಯದೆ ಮನೆಮದ್ದಿನಲ್ಲಿ ಕಾಲ ಕಳೆಯಲಾಗುತ್ತದೆ. ಇಂತಹ ಪ್ರಾಣಿಯನ್ನು ಅರಣ್ಯ ಇಲಾಖೆಗೆ ಒಪ್ಪಿಸುವುದೊಂದೇ ಸರಿಯಾದ ದಾರಿ. ಬೇಡವಾದ ಅಥವಾ ಕಾಯಿಲೆ ಬಿದ್ದ ಸ್ಲೈಡರ್ ಆಮೆಗಳನ್ನು ಕೆರೆಗೆ ಬಿಡುವುದೂ ಸಲ್ಲದು. ಜಗತ್ತಿನ ನೂರು ಅತಿ ಹಾನಿಕಾರಕ ಆಕ್ರಮಣಕಾರಿ ಪ್ರಭೇದಗಳ ಪಟ್ಟಿಯಲ್ಲಿ ಈ ಆಮೆಯ ಹೆಸರಿದೆ. ಅದು ತನ್ನ ರೋಗಗಳನ್ನೂ ದೇಶೀಯ ಆಮೆಗಳಿಗೆ ದಾಟಿಸಬಲ್ಲದು.

ಉಷ್ಣತೆ ಮತ್ತು ತೂಕ

ಮಂಕಾಗಿರುವ ಸರೀಸೃಪವನ್ನು ಕಂಡಾಗ ಮೊದಲು ಪರೀಕ್ಷಿಸಬೇಕಾದದ್ದು ಅದರ ಪೆಟ್ಟಿಗೆಯ ಉಷ್ಣತೆಯನ್ನು. ಸ್ಲೈಡರ್ ಆಮೆಗೆ ಸುಮಾರು 24ರಿಂದ 28 ಡಿಗ್ರಿ ಸೆಲ್ಸಿಯಸ್‌ನ ನೀರು ಮತ್ತು ಅದಕ್ಕಿಂತ ಬೆಚ್ಚಗಿನ ಒಣ ಜಾಗ ಬೇಕು. ಬಾಲ್ ಪೈಥಾನ್‌ಗೆ ಪೆಟ್ಟಿಗೆಯ ಬಿಸಿ ತುದಿಯಲ್ಲಿ 31-33 ಡಿಗ್ರಿ ಇರಬೇಕು; ಮರುಭೂಮಿಯ ಬಿಯರ್ಡೆಡ್ ಡ್ರ್ಯಾಗನ್ ಮೈಕಾಯಿಸುವ ಜಾಗ 40 ಡಿಗ್ರಿಯ ಸಮೀಪವಿರಬೇಕು. ಬೆಂಗಳೂರಿನ ಡಿಸೆಂಬರ್ ರಾತ್ರಿಯಲ್ಲಿ ಹೊರಗಿನ ಉಷ್ಣತೆ 15 ಡಿಗ್ರಿಯ ಆಸುಪಾಸಿಗೆ ಇಳಿದಾಗ ಹೀಟರ್ ಇಲ್ಲದ ಆಮೆ ತಿನ್ನುವುದನ್ನು ನಿಲ್ಲಿಸುವುದು ಕಾಯಿಲೆಯಿಂದಲ್ಲ, ಚಳಿಯಿಂದ. ಆದರೆ ಅದೇ ಚಳಿ ಮುಂದುವರಿದರೆ ನ್ಯುಮೋನಿಯಾಕ್ಕೆ ದಾರಿಯಾಗುತ್ತದೆ. ಉಷ್ಣತೆಯನ್ನು ಸರಿಪಡಿಸಿ ಒಂದೆರಡು ದಿನ ಕಳೆದರೂ ಪ್ರಾಣಿ ಚುರುಕಾಗದಿದ್ದರೆ ಅದನ್ನು ಅಸ್ವಸ್ಥವೆಂದೇ ಪರಿಗಣಿಸಬೇಕು.

ಎರಡನೆಯದು ತೂಕ. ಅಡುಗೆಮನೆಯಲ್ಲಿ ಬಳಸುವಂತಹ ಗ್ರಾಂ ತೋರಿಸುವ ತಕ್ಕಡಿಯಲ್ಲಿ ವಾರಕ್ಕೊಮ್ಮೆ ತೂಗಿ ಬರೆದಿಟ್ಟರೆ, ಕಣ್ಣಿಗೆ ಕಾಣದ ಇಳಿಕೆ ಅಂಕಿಯಲ್ಲಿ ಕಾಣುತ್ತದೆ. ಬೇರಾವ ಉಪಕರಣಕ್ಕಿಂತಲೂ ಈ ಪುಸ್ತಕವೇ ಹೆಚ್ಚು ಪ್ರಾಣಿಗಳನ್ನು ಉಳಿಸೀತು. ಅಲ್ಪಾವಧಿಯಲ್ಲಿ ತೂಕದ ಹತ್ತನೇ ಒಂದು ಭಾಗ ಇಳಿದರೆ ವೈದ್ಯರಿಗೆ ತೋರಿಸಬೇಕು. ಸೊಂಟದ ಮೂಳೆ ಎದ್ದು ಕಾಣುವುದು, ಬಾಲದ ಬುಡ ಸೊರಗುವುದು, ಹಾವಿನ ಬೆನ್ನು ಹುರಿಯ ಎರಡೂ ಬದಿ ಕುಸಿದು ತ್ರಿಕೋನಾಕಾರವಾಗುವುದು ಕೃಶತೆಯ ಲಕ್ಷಣಗಳು. ಲೆಪರ್ಡ್ ಗೆಕೊ ತನ್ನ ಕೊಬ್ಬನ್ನು ಬಾಲದಲ್ಲಿ ಸಂಗ್ರಹಿಸುತ್ತದೆ. ಆ ಬಾಲ ಕಡ್ಡಿಯಂತಾದರೆ ಕರುಳಿನ ಪರೋಪಜೀವಿಗಳನ್ನು, ವಿಶೇಷವಾಗಿ ಕ್ರಿಪ್ಟೊಸ್ಪೊರಿಡಿಯಂ ಸೋಂಕನ್ನು ಶಂಕಿಸಲಾಗುತ್ತದೆ. ಕಣ್ಣು ಗುಳಿಬಿದ್ದು, ಬಾಯಿಯ ಲೋಳೆ ಅಂಟಂಟಾಗಿ, ಚರ್ಮ ಹಿಡಿದು ಬಿಟ್ಟಾಗ ನೆರಿಗೆ ಉಳಿದರೆ ಅದು ನಿರ್ಜಲೀಕರಣ.

ಆಹಾರ ತಿರಸ್ಕರಿಸುವುದು

ಆಹಾರ ಬಿಡುವುದೊಂದೇ ಗಂಭೀರ ಲಕ್ಷಣವಲ್ಲ. ಹಾವುಗಳು ಪೊರೆ ಬಿಡುವ ಮುನ್ನ ತಿನ್ನುವುದಿಲ್ಲ, ಗರ್ಭ ಧರಿಸಿದ ಹೆಣ್ಣುಗಳೂ ಹಲವೊಮ್ಮೆ ತಿನ್ನುವುದಿಲ್ಲ. ಆರೋಗ್ಯವಂತ ಬಾಲ್ ಪೈಥಾನ್ ತಿಂಗಳುಗಟ್ಟಲೆ ಉಪವಾಸವಿದ್ದೂ ತೂಕ ಕಳೆದುಕೊಳ್ಳದಿರುವುದು ಸಾಮಾನ್ಯ. ಉಪವಾಸದ ಜೊತೆ ತೂಕ ಇಳಿಯುವುದು, ಮರಿಗಳು ಒಂದು ವಾರ ತಿನ್ನದಿರುವುದು, ಹಾವು ನುಂಗಿದ ಬೇಟೆಯನ್ನು ಪದೇಪದೇ ಕಕ್ಕುವುದು ಅಪಾಯದ ಸೂಚನೆಗಳು. ಕಕ್ಕುವುದರ ಜೊತೆಗೆ ಹಾವಿನ ಮೈಯ ನಡುಭಾಗದಲ್ಲಿ ಬಾವು ಕಂಡರೆ ಜಠರದ ಕ್ರಿಪ್ಟೊಸ್ಪೊರಿಡಿಯಂ ಸೋಂಕಿರಬಹುದು. ಅದಕ್ಕೆ ಖಚಿತ ಚಿಕಿತ್ಸೆಯಿಲ್ಲದ ಕಾರಣ ಆ ಹಾವನ್ನು ಉಳಿದವುಗಳಿಂದ ಕೂಡಲೇ ಬೇರ್ಪಡಿಸಬೇಕಾಗುತ್ತದೆ.

ಉಸಿರಾಟದ ತೊಂದರೆ

ಸಾಕು ಸರೀಸೃಪಗಳ ಪ್ರಾಣಕ್ಕೆ ಎರವಾಗುವ ಕಾಯಿಲೆಗಳಲ್ಲಿ ಶ್ವಾಸಕೋಶದ ಸೋಂಕು ಪ್ರಮುಖವಾದದ್ದು. ಇವುಗಳಿಗೆ ಸಸ್ತನಿಗಳಲ್ಲಿರುವಂತಹ ವಪೆ ಇಲ್ಲದ ಕಾರಣ ಬಲವಾಗಿ ಕೆಮ್ಮಿ ಕಫವನ್ನು ಹೊರಹಾಕಲಾರವು. ಬಹುತೇಕ ಹಾವುಗಳಲ್ಲಿ ಬಲ ಶ್ವಾಸಕೋಶವೊಂದೇ ಪೂರ್ಣವಾಗಿ ಬೆಳೆದಿರುತ್ತದೆ. ಒಳಗೆ ತುಂಬಿದ ದ್ರವ ಒಳಗೇ ಉಳಿಯುತ್ತದೆ.

ಆರಂಭದಲ್ಲಿ ಮೂಗಿನ ಹೊಳ್ಳೆಯಲ್ಲಿ ಸಣ್ಣ ಗುಳ್ಳೆ, ಉಸಿರಿನ ಜೊತೆ ಸಿಳ್ಳೆಯಂತಹ ಅಥವಾ ಟಿಕ್ ಎನ್ನುವ ಸದ್ದು ಕಾಣಿಸುತ್ತದೆ. ಮುಂದಿನ ಹಂತದಲ್ಲಿ ಪ್ರಾಣಿ ಬಾಯಿ ತೆರೆದು ಉಸಿರಾಡುತ್ತದೆ, ಕತ್ತನ್ನು ಮೇಲಕ್ಕೆ ಚಾಚುತ್ತದೆ, ಬಾಯಲ್ಲಿ ದಾರದಂತಹ ಲೋಳೆ ಕಟ್ಟುತ್ತದೆ. ಹಾವು ತಲೆಯನ್ನು ಗೋಡೆಗೊರಗಿಸಿ ಮೇಲೆತ್ತಿಕೊಂಡೇ ಮಲಗುತ್ತದೆ. ನೀರಾಮೆಯಲ್ಲಿ ಲಕ್ಷಣ ಇನ್ನೂ ವಿಶಿಷ್ಟ: ಅದು ಒಂದು ಬದಿಗೆ ವಾಲಿ ತೇಲುತ್ತದೆ, ಮುಳುಗಲು ಪ್ರಯತ್ನಿಸಿದರೂ ಮೇಲೆ ಬರುತ್ತದೆ, ಕೊನೆಗೆ ನೀರನ್ನೇ ಬಿಟ್ಟು ದಿನವಿಡೀ ಒಣ ಜಾಗದಲ್ಲಿ ಉಳಿಯುತ್ತದೆ. ಕರುಳಿನಲ್ಲಿ ವಾಯು ತುಂಬಿದಾಗಲೂ ಆಮೆ ಹೀಗೆ ತೇಲಬಹುದಾದ್ದರಿಂದ ಎಕ್ಸ್‌ರೇ ಇಲ್ಲದೆ ಕಾರಣ ಖಚಿತವಾಗುವುದಿಲ್ಲ. ಬಾಯಿ ತೆರೆದು ಉಸಿರಾಡುವ ಸ್ಥಿತಿಯಲ್ಲಿ ಮರುದಿನದವರೆಗೆ ಕಾಯುವಂತಿಲ್ಲ.

ಕಾರವಾರ, ಅಂಕೋಲಾ ತೀರದಲ್ಲಿ ಈ ಕಾಯಿಲೆಗೆ ಬೇರೆಯೇ ಹಿನ್ನೆಲೆಯಿದೆ. ಕಾಳಿ ನದಿಯ ಉತ್ತರ ದಡದ ಚಿತ್ತಾಕುಲ, ಸದಾಶಿವಗಡದಂತಹ ಊರುಗಳಲ್ಲಿ ಚಳಿಗಾಲದ ರಾತ್ರಿಯೂ ಬೆಂಗಳೂರಿನಷ್ಟು ತಣ್ಣಗಿರುವುದಿಲ್ಲ. ಇಲ್ಲಿ ತೊಂದರೆ ಕೊಡುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ತೇವ. ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ ಸುರಿಯುವ ಈ ಪಟ್ಟಿಯಲ್ಲಿ ವಾರಗಟ್ಟಲೆ ಬಿಸಿಲು ಬೀಳದೆ, ವಿದ್ಯುತ್ ಹೋದಾಗ ದೀಪ ಮತ್ತು ಹೀಟರ್ ಆರಿ, ಪೆಟ್ಟಿಗೆಯ ತಳ ಒಣಗುವುದೇ ಇಲ್ಲ. ಒಣ ನಾಡಿನ ಬಿಯರ್ಡೆಡ್ ಡ್ರ್ಯಾಗನ್ ಮತ್ತು ಲೆಪರ್ಡ್ ಗೆಕೊಗಳಿಗೆ ಈ ಹವೆ ಹೊಂದುವುದಿಲ್ಲ. ಶ್ವಾಸಕೋಶದ ಸೋಂಕಿನ ಜೊತೆಗೆ ಹೊಟ್ಟೆಯ ಕೆಳಭಾಗದ ಚರ್ಮದಲ್ಲಿ ನೀರುಗುಳ್ಳೆ, ಕಂದು ಹುರುಪೆ, ಶಿಲೀಂಧ್ರದ ಬಿಳಿ ಮಚ್ಚೆ ಕಾಣುತ್ತವೆ. ಮಳೆಗಾಲದಲ್ಲಿ ಹೊಟ್ಟೆಯ ಭಾಗವನ್ನು ತಿರುಗಿಸಿ ನೋಡದೆ ಈ ಹುಣ್ಣುಗಳು ಕಣ್ಣಿಗೆ ಬೀಳುವುದಿಲ್ಲ.

ಮೂಳೆ ಮತ್ತು ಚಿಪ್ಪು

ಅಸ್ಥಿ ಚಯಾಪಚಯ ರೋಗವು ಸಾಕು ಹಲ್ಲಿ ಮತ್ತು ಆಮೆಗಳಲ್ಲಿ ಅತಿ ಸಾಮಾನ್ಯ. ಸುಣ್ಣದಂಶದ ಕೊರತೆ, ರಂಜಕದ ಆಧಿಕ್ಯ, ಮತ್ತು ಚರ್ಮದಲ್ಲಿ ಡಿ3 ಜೀವಸತ್ವ ತಯಾರಾಗಲು ಬೇಕಾದ ನೇರಳಾತೀತ ಬಿ ಕಿರಣಗಳ ಅಭಾವ ಇದಕ್ಕೆ ಕಾರಣ. ಕಿಟಕಿಯ ಗಾಜು ಈ ಕಿರಣಗಳನ್ನು ತಡೆಯುತ್ತದೆ. ಗಾಜಿನ ತೊಟ್ಟಿಯನ್ನು ಬಿಸಿಲು ಬೀಳುವ ಕಿಟಕಿಯ ಬಳಿ ಇಟ್ಟರೆ ಆಮೆ ಬೇಯಬಹುದೇ ಹೊರತು ಡಿ3 ಸಿಗದು. ನೇರಳಾತೀತ ದೀಪಗಳೂ ಬೆಳಗುತ್ತಿರುವಾಗಲೇ ತಿಂಗಳುಗಳು ಕಳೆದಂತೆ ಶಕ್ತಿಗುಂದುತ್ತವೆ. ಒಣ ಸೀಗಡಿಯನ್ನು ಮಾತ್ರ ತಿಂದು ಬೆಳೆದ ಸ್ಲೈಡರ್ ಮರಿಗಳಲ್ಲಿ ಈ ಕಾಯಿಲೆ ಹೆಚ್ಚು.

ಮರಿಯ ಚಿಪ್ಪು ಒತ್ತಿದರೆ ಬಾಗುವುದು, ಚಿಪ್ಪಿನ ಅಂಚು ಮೇಲಕ್ಕೆ ಸುರುಳಿಯಾಗುವುದು, ಇಗುವಾನಾದ ಕೆಳದವಡೆ ರಬ್ಬರಿನಂತೆ ಮೆತ್ತಗಾಗಿ ಊದಿಕೊಳ್ಳುವುದು, ತೊಡೆಗಳು ದಪ್ಪವಾಗಿ ‘ಪುಷ್ಟ’ವಾಗಿರುವಂತೆ ಕಾಣುವುದು, ಬೆನ್ನುಮೂಳೆ ಅಂಕುಡೊಂಕಾಗುವುದು ಇದರ ಲಕ್ಷಣಗಳು. ತೊಡೆಯ ದಪ್ಪವನ್ನು ಆರೋಗ್ಯವೆಂದು ಭಾವಿಸುವವರು ಅನೇಕ. ರಕ್ತದಲ್ಲಿ ಕ್ಯಾಲ್ಸಿಯಂ ತೀರಾ ಇಳಿದಾಗ ಬೆರಳುಗಳು ಅದುರುತ್ತವೆ, ನಂತರ ಇಡೀ ಮೈ ಸೆಟೆದುಕೊಳ್ಳುತ್ತದೆ. ಬೆರಳ ಅದುರು ಕಂಡ ದಿನವೇ ಚಿಕಿತ್ಸೆ ಆರಂಭವಾಗಬೇಕು. ನಕ್ಷತ್ರ ಆಮೆಯಂತಹ ನೆಲದ ಆಮೆಗಳ ಮೇಲ್ಚಿಪ್ಪು ಗೋಪುರಗಳಂತೆ ಅತಿಯಾಗಿ ಉಬ್ಬಿದ್ದರೆ ಅದು ತುರ್ತುಸ್ಥಿತಿಯಲ್ಲ, ಬಹುಕಾಲದ ತಪ್ಪು ಪಾಲನೆಯ ಗುರುತು.

ನೀರಾಮೆಯ ಕೆಳಚಿಪ್ಪಿನಲ್ಲಿ ಗುಳಿ, ದುರ್ವಾಸನೆ, ಕಳಚಿ ಬರುವ ಪದರಗಳು ಚಿಪ್ಪು ಕೊಳೆತದ ಚಿಹ್ನೆ. ಆದರೆ ಚಿಪ್ಪಿನ ಒಳಗಿನಿಂದ ಗುಲಾಬಿ ಅಥವಾ ಕೆಂಪು ಛಾಯೆ ಹರಡಿದ್ದರೆ, ಕಾಲಿನ ಬುಡದಲ್ಲಿ ಕೆಂಪು ಚುಕ್ಕೆಗಳಿದ್ದರೆ, ಸೋಂಕು ರಕ್ತಕ್ಕೆ ಇಳಿದಿರುವ ಸಾಧ್ಯತೆಯಿದೆ. ಹಾವಿನ ಹೊಟ್ಟೆಯ ಅಗಲ ಹುರುಪೆಗಳು ಕೆಂಪಾಗುವುದಕ್ಕೂ ಇದೇ ಅರ್ಥ.

ಕಣ್ಣು, ಬಾಯಿ ಮತ್ತು ಪೊರೆ

ರೆಪ್ಪೆ ಊದಿ ಕಣ್ಣು ಮುಚ್ಚಿಹೋದ ಸ್ಲೈಡರ್ ಆಮೆಯಲ್ಲಿ ಎ ಜೀವಸತ್ವದ ಕೊರತೆ ಸಾಮಾನ್ಯ ಕಾರಣ. ಕಾಣದ ಆಮೆ ತಿನ್ನುವುದಿಲ್ಲ, ತಿನ್ನದ ಆಮೆಗೆ ಕೊರತೆ ಹೆಚ್ಚುತ್ತದೆ. ಹಾಗೆಂದು ಅಂಗಡಿಯಿಂದ ತಂದ ಜೀವಸತ್ವವನ್ನು ಅಳತೆಯಿಲ್ಲದೆ ಕೊಟ್ಟರೆ ವಿಷವಾಗಿ ಚರ್ಮ ಸುಲಿಯುತ್ತದೆ. ಬಾಯಿಯ ಅಂಚಿನಲ್ಲಿ ಕೆಂಪು ಚುಕ್ಕೆ, ಒಸಡಿನಲ್ಲಿ ಹಳದಿ ಗಿಣ್ಣಿನಂತಹ ಪದಾರ್ಥ ಕಂಡರೆ ಅದು ಬಾಯಿಹುಣ್ಣು. ಚಿಕಿತ್ಸೆಯಿಲ್ಲದಿದ್ದರೆ ದವಡೆಯ ಮೂಳೆಗೆ ಇಳಿಯುತ್ತದೆ. ಪೊರೆ ತುಂಡುತುಂಡಾಗಿ ಕಳಚುವುದು ತೇವಾಂಶದ ಕೊರತೆಯನ್ನೋ ಬೇರೊಂದು ಕಾಯಿಲೆಯನ್ನೋ ಸೂಚಿಸುತ್ತದೆ. ಹಲ್ಲಿಯ ಬೆರಳಿಗೆ ಉಳಿದ ಪೊರೆ ದಾರದಂತೆ ಬಿಗಿದು ಬೆರಳನ್ನೇ ಕೊಲ್ಲಬಹುದು. ಹಾವಿನ ಕಣ್ಣಿನ ಮೇಲೆ ಉಳಿದ ಪೊರೆಯನ್ನು ಉಗುರಿನಿಂದ ಕೀಳುವ ಪ್ರಯತ್ನ ಹಾವನ್ನು ಕುರುಡಾಗಿಸಿದ ಪ್ರಸಂಗಗಳು ಅಪರೂಪವಲ್ಲ.

ನರಮಂಡಲದ ಲಕ್ಷಣಗಳು

ತಲೆ ಒಂದೇ ಕಡೆ ವಾಲುವುದು, ಸುತ್ತುತ್ತಲೇ ಇರುವುದು, ಅಂಗಾತ ಹಾಕಿದಾಗ ಮಗುಚಿಕೊಳ್ಳಲಾಗದಿರುವುದು ಎಲ್ಲ ಸರೀಸೃಪಗಳಲ್ಲಿಯೂ ಗಂಭೀರ. ಹಾವು ತಲೆ ಕತ್ತನ್ನು ಹಿಂದಕ್ಕೆ ಬಾಗಿಸಿ ಆಕಾಶವನ್ನು ನೋಡುವಂತೆ ನಿಲ್ಲುವ ಲಕ್ಷಣವು ಬೋವಾ ಮತ್ತು ಹೆಬ್ಬಾವುಗಳ ಅಂತರ್ಗತಕಾಯ ರೋಗದಲ್ಲಿ ಕಂಡುಬರುತ್ತದೆ. ಈ ರೋಗಕ್ಕೂ ಅರೆನಾವೈರಸ್‌ಗಳಿಗೂ ಇರುವ ಸಂಬಂಧ 2012ರಲ್ಲಿ ಬೆಳಕಿಗೆ ಬಂತು. ಇದೇ ಭಂಗಿ ಅತಿಯಾದ ಬಿಸಿ, ತಲೆಗೆ ಪೆಟ್ಟು ಅಥವಾ ಕೀಟನಾಶಕದಿಂದಲೂ ಬರುತ್ತದೆ; ಸೊಳ್ಳೆ, ಜಿರಳೆಗಳಿಗೆ ಸಿಂಪಡಿಸಿದ ಕೋಣೆಯಲ್ಲಿ ಪೆಟ್ಟಿಗೆ ಇತ್ತೇ ಎಂಬುದನ್ನು ವೈದ್ಯರಿಗೆ ಹೇಳಬೇಕು. ಹಸಿ ಮೀನನ್ನೇ ತಿನ್ನಿಸುವ ಕಡೆ ಇನ್ನೊಂದು ಕಾರಣವನ್ನೂ ನೆನೆಯಬೇಕಾಗುತ್ತದೆ: ಕೆಲವು ಜಾತಿಯ ಮೀನುಗಳಲ್ಲಿ ಬಿ1 ಜೀವಸತ್ವವನ್ನು ನಾಶಮಾಡುವ ಕಿಣ್ವವಿದ್ದು, ಅದರ ಕೊರತೆಯಿಂದ ನಡುಕ ಮತ್ತು ಸಮತೋಲನದ ನಷ್ಟ ಉಂಟಾಗುತ್ತದೆ.

ಮೊಟ್ಟೆ ಕಟ್ಟುವುದು ಮತ್ತು ಅಂಗ ಹೊರಬರುವುದು

ಗಂಡಿನ ಸಹವಾಸವಿಲ್ಲದ ಹೆಣ್ಣೂ ಮೊಟ್ಟೆ ತಾಳಬಲ್ಲದು. ಮೊಟ್ಟೆಯಿಡಲು ಮಣ್ಣು ಸಿಗದ ಆಮೆ ದಿನಗಟ್ಟಲೆ ಮೂಲೆಗಳನ್ನು ಕೆದಕುತ್ತದೆ, ಹಿಂಗಾಲಿನಿಂದ ತೋಡುತ್ತದೆ, ತಿಣುಕುತ್ತದೆ. ಚಡಪಡಿಕೆ ನಿಂತು ಪ್ರಾಣಿ ಇದ್ದಕ್ಕಿದ್ದಂತೆ ಸುಮ್ಮನಾದರೆ ಮನೆಯವರಿಗೆ ಸಮಾಧಾನವೆನಿಸಬಹುದು. ವಾಸ್ತವದಲ್ಲಿ ಅದೇ ಕೆಟ್ಟ ತಿರುವು. ಮಲದ್ವಾರದಿಂದ ಕೆಂಪು ಅಥವಾ ಕಪ್ಪುಬಣ್ಣದ ಅಂಗಾಂಶ ಹೊರಬಂದು ಒಳಗೆ ಹೋಗದಿದ್ದರೆ ಗಂಟೆಗಳ ಲೆಕ್ಕದಲ್ಲಿ ಚಿಕಿತ್ಸೆ ಬೇಕು. ಅಲ್ಲಿಯವರೆಗೆ ಆ ಭಾಗವನ್ನು ಲವಣಜಲದಲ್ಲಿ ಅದ್ದಿದ ಶುಭ್ರ ಬಟ್ಟೆಯಿಂದ ಒದ್ದೆಯಾಗಿಡಬೇಕು ಮತ್ತು ಬೇರೆ ಪ್ರಾಣಿಗಳು ಕಚ್ಚದಂತೆ ಪ್ರತ್ಯೇಕಿಸಬೇಕು. ಗಂಡಾಮೆ ತನ್ನ ಜನನಾಂಗವನ್ನು ಕ್ಷಣಕಾಲ ಹೊರಚಾಚಿ ಒಳಗೆಳೆದುಕೊಳ್ಳುವುದು ಸಹಜ.

ಕಾಯಿಲೆಯೆಂದು ತಪ್ಪು ತಿಳಿಯಲಾಗುವ ವರ್ತನೆಗಳು

ಇಗುವಾನಾ ಸೀನಿ ಮೂಗಿನಿಂದ ಬಿಳಿ ಪುಡಿ ಚಿಮ್ಮಿಸುವುದು ಹೆಚ್ಚಿನ ಲವಣವನ್ನು ಹೊರಹಾಕುವ ಕ್ರಿಯೆ. ಬಿಯರ್ಡೆಡ್ ಡ್ರ್ಯಾಗನ್ ಮೈಕಾಯಿಸುತ್ತ ಬಾಯಿ ತೆರೆಯುವುದು ತಂಪಾಗಲು. ಬಿಸಿಯಿಂದ ದೂರವಿದ್ದಾಗಲೂ ಬಾಯಿ ತೆರೆದಿದ್ದರೆ ಮಾತ್ರ ಶಂಕೆ. ಹಾವಿನ ಕಣ್ಣು ನೀಲಿಯಾಗಿ ಮಂಜಾಗುವುದು ಪೊರೆಯ ಮುನ್ಸೂಚನೆ. ಮಲದ ಜೊತೆಗಿನ ಬಿಳಿ ಗಡ್ಡೆ ಯೂರಿಕ್ ಆಮ್ಲ. ಅದು ಕಲ್ಲಿನಂತೆ ಗಟ್ಟಿಯಾಗಿದ್ದರೆ ಅಥವಾ ಹಸಿರು ಛಾಯೆಗೆ ತಿರುಗಿದ್ದರೆ ನಿರ್ಜಲೀಕರಣ, ಮೂತ್ರಪಿಂಡ ಅಥವಾ ಯಕೃತ್ತಿನ ತೊಂದರೆಯನ್ನು ಪರಿಶೀಲಿಸಲಾಗುತ್ತದೆ.

ಚಿಕಿತ್ಸೆಗೆ ಒಯ್ಯುವುದು

ಸರೀಸೃಪಗಳ ಚಿಕಿತ್ಸೆಯಲ್ಲಿ ಅನುಭವವಿರುವ ಪಶುವೈದ್ಯರು ಮುಖ್ಯವಾಗಿ ದೊಡ್ಡ ನಗರಗಳಲ್ಲಿದ್ದಾರೆ. ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ಕಾಲೇಜುಗಳು ಬೀದರ್, ಬೆಂಗಳೂರಿನ ಹೆಬ್ಬಾಳ, ಶಿವಮೊಗ್ಗ, ಹಾಸನ, ಗದಗಗಳಲ್ಲಿವೆ. ಕಾರವಾರದಿಂದ ಬೆಂಗಳೂರು 500 ಕಿಲೋಮೀಟರಿಗೂ ಹೆಚ್ಚು ದೂರ. ಹೀಗಾಗಿ ಕರಾವಳಿಯಲ್ಲಿ ಸಾಕುವವರು ಲಕ್ಷಣವನ್ನು ಇತರರಿಗಿಂತ ಮೊದಲೇ ಗುರುತಿಸಬೇಕಾಗುತ್ತದೆ, ಮತ್ತು ಸ್ಥಳೀಯ ಪಶುವೈದ್ಯರು ತಜ್ಞರೊಡನೆ ದೂರವಾಣಿಯಲ್ಲಿ ಸಮಾಲೋಚಿಸಿ ಚಿಕಿತ್ಸೆ ನೀಡುವುದು ಅನೇಕ ವೇಳೆ ಏಕೈಕ ಮಾರ್ಗ. ತೂಕದ ದಾಖಲೆ, ಪೆಟ್ಟಿಗೆಯ ಮತ್ತು ದೀಪದ ಚಿತ್ರ, ತಿನ್ನಿಸಿದ ಆಹಾರದ ವಿವರ, ತಾಜಾ ಮಲದ ಮಾದರಿ ಜೊತೆಗಿದ್ದರೆ ರೋಗನಿರ್ಣಯ ಸುಲಭ.

ಪ್ರಯಾಣದಲ್ಲಿ ಪ್ರಾಣಿಯನ್ನು ಗಾಳಿಯಾಡುವ, ಬೆಚ್ಚಗಿನ ಪೆಟ್ಟಿಗೆಯಲ್ಲಿಡಬೇಕು. ನಿಶ್ಶಕ್ತ ನೀರಾಮೆಯನ್ನು ನೀರು ತುಂಬಿದ ಬಕೆಟ್ಟಿನಲ್ಲಿ ಒಯ್ದರೆ ಅದು ಮುಳುಗಿ ಸಾಯಬಹುದು. ಒದ್ದೆ ಬಟ್ಟೆಯ ಮೇಲೆ ಒಯ್ಯಬೇಕು. ತಣ್ಣಗಿರುವ ಪ್ರಾಣಿಗೆ ಬಲವಂತವಾಗಿ ತಿನ್ನಿಸಿದರೆ ಆಹಾರ ಜೀರ್ಣವಾಗದೆ ಒಳಗೇ ಕೊಳೆಯುತ್ತದೆ. ದನ, ನಾಯಿಗಳ ಹುಳು ಮತ್ತು ಉಣ್ಣೆಗಳಿಗೆ ಬಳಸುವ ಐವರ್‌ಮೆಕ್ಟಿನ್ ಆಮೆಗಳಿಗೆ ಮಾರಕ ವಿಷ. ಸರೀಸೃಪಗಳ ಅನುಭವವಿಲ್ಲದವರು ಒಳ್ಳೆಯ ಉದ್ದೇಶದಿಂದಲೇ ಕೊಡಬಹುದಾದ ಔಷಧಿ ಇದಾದ್ದರಿಂದ ಈ ಮಾತನ್ನು ನೆನಪಿಡುವುದು ಅಗತ್ಯ.

ಸತ್ತಂತೆ ಕಾಣುವ ಸರೀಸೃಪವನ್ನು ಆತುರದಲ್ಲಿ ಹೂಳಬಾರದು. ತಣ್ಣಗಾದ ಪ್ರಾಣಿಯ ಹೃದಯ ನಿಮಿಷಕ್ಕೆ ಕೆಲವೇ ಬಾರಿ ಬಡಿಯುತ್ತದೆ, ಉಸಿರು ಬಹುಹೊತ್ತು ಕಾಣುವುದಿಲ್ಲ. ವೈದ್ಯರು ಡಾಪ್ಲರ್ ಉಪಕರಣದಿಂದ ಹೃದಯಬಡಿತವನ್ನು ಆಲಿಸಿಯೇ ಸಾವನ್ನು ನಿರ್ಧರಿಸುತ್ತಾರೆ.

ಮನುಷ್ಯರಿಗೆ ಅಪಾಯ

ಆರೋಗ್ಯವಾಗಿ ಕಾಣುವ ಸರೀಸೃಪದ ಮಲದಲ್ಲಿಯೂ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದು. ಅಮೆರಿಕದಲ್ಲಿ ಮಕ್ಕಳಿಗೆ ಹರಡಿದ ಸೋಂಕಿನ ಕಾರಣದಿಂದ 4 ಅಂಗುಲಕ್ಕಿಂತ ಚಿಕ್ಕ ಚಿಪ್ಪಿನ ಆಮೆಗಳ ಮಾರಾಟವನ್ನು 1975ರಲ್ಲಿ ನಿಷೇಧಿಸಲಾಯಿತು. ತೊಟ್ಟಿಯ ನೀರನ್ನು ಅಡುಗೆಮನೆಯ ಬಚ್ಚಲಿಗೆ ಚೆಲ್ಲಬಾರದು. ಐದು ವರ್ಷದೊಳಗಿನ ಮಕ್ಕಳು ಮತ್ತು ಗರ್ಭಿಣಿಯರು ಅಸ್ವಸ್ಥ ಪ್ರಾಣಿಯ ಆರೈಕೆಯಿಂದ ದೂರವಿರುವುದು ಲೇಸು.

ಕಡಲತೀರಕ್ಕೆ ಬರುವ ಅಸ್ವಸ್ಥ ಆಮೆಗಳು

ಕಾರವಾರದ ದೇವಬಾಗ, ಮಾಜಾಳಿ ಮೊದಲಾದ ತೀರಗಳಲ್ಲಿ ಆಲಿವ್ ರಿಡ್ಲೆ ಕಡಲಾಮೆಗಳು ಮೊಟ್ಟೆಯಿಡುತ್ತವೆ. ಇವು ಸಾಕುಪ್ರಾಣಿಗಳಲ್ಲವಾದರೂ ಮೇಲೆ ಹೇಳಿದ ಹಲವು ಲಕ್ಷಣಗಳು ಇವುಗಳಿಗೂ ಅನ್ವಯಿಸುತ್ತವೆ. ಹಗಲಿನಲ್ಲಿ ಮರಳ ಮೇಲೆ ಅಲುಗಾಡದೆ ಬಿದ್ದ, ವಾಲಿ ತೇಲುತ್ತಿರುವ ಅಥವಾ ಚಿಪ್ಪಿನ ಮೇಲೆ ಕಡಲಸಿಪ್ಪೆಗಳು ದಟ್ಟವಾಗಿ ಬೆಳೆದ ಕಡಲಾಮೆ ಬಹುಕಾಲದಿಂದ ಅಸ್ವಸ್ಥವಾಗಿರುತ್ತದೆ. ಅದನ್ನು ಮತ್ತೆ ಅಲೆಗಳಿಗೆ ತಳ್ಳುವುದು ನೆರವಲ್ಲ. ನೆರಳಿನಲ್ಲಿಟ್ಟು, ಮೂಗು ಮುಚ್ಚದಂತೆ ಒದ್ದೆ ಬಟ್ಟೆ ಹೊದಿಸಿ ಅರಣ್ಯ ಇಲಾಖೆಗೆ ತಿಳಿಸಬೇಕು. ರಂಪಣಿ ಅಥವಾ ಟ್ರಾಲರ್ ಬಲೆಯಲ್ಲಿ ಸಿಕ್ಕು ಉಸಿರುಗಟ್ಟಿದ ಆಮೆ ಸತ್ತಂತೆ ಕಂಡರೂ ಹಲವು ವೇಳೆ ಬದುಕಿರುತ್ತದೆ. ಅದನ್ನು ಹೊಟ್ಟೆಯ ಮೇಲೆ ಮಲಗಿಸಿ, ಹಿಂಭಾಗವನ್ನು ಕನಿಷ್ಠ 15 ಸೆಂಟಿಮೀಟರ್ ಎತ್ತರಿಸಿಟ್ಟರೆ ಶ್ವಾಸಕೋಶದ ನೀರು ಇಳಿಯುತ್ತದೆ. ಚೇತರಿಕೆಗೆ 4ರಿಂದ 24 ಗಂಟೆ ಬೇಕಾಗಬಹುದು. ಅಷ್ಟು ಹೊತ್ತು ಅದರ ಮೈ ಒಣಗದಂತೆ ನೋಡಿಕೊಳ್ಳಬೇಕು.